ಪ್ಯಾನೆಲ್‌ಗೆ ಫೋನ್ ಸಿಕ್ಕಿಸಬೇಡಿ

ಕ್ಯಾಂಪಿಂಗ್‌ಗೆ ಸೋಲಾರ್ ಪ್ಯಾನೆಲ್ ಒಯ್ಯುವವರು ಕಳಿಸುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಬರುತ್ತದೆ. ಇವತ್ತು ಅದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: 28 ವ್ಯಾಟ್‌ನ ಮಡಚುವ ಪ್ಯಾನೆಲ್ ಕೊಂಡಿದ್ದೇನೆ. ಕರೆಂಟ್ ಇಲ್ಲದ ಜಾಗದಲ್ಲಿ ಎರಡು ದಿನ ಟೆಂಟ್ ಹಾಕಿದ್ದೆವು. ಬೆಳಿಗ್ಗೆಯಿಂದ ಸಂಜೆವರೆಗೆ ಫೋನ್ ಸಿಕ್ಕಿಸಿಟ್ಟರೂ ಶೇ 30 ದಾಟಲಿಲ್ಲ. ಪ್ಯಾನೆಲ್ ಡೂಪ್ಲಿಕೇಟಾ?

ಉತ್ತರ: ಪ್ಯಾನೆಲ್ ಮೇಲೆ ಅನುಮಾನ ಪಡುವ ಮೊದಲು ನೀವು ಮಾಡಿದ್ದನ್ನು ನೋಡಿ. ಫೋನನ್ನು ನೇರವಾಗಿ ಪ್ಯಾನೆಲ್‌ಗೆ ಸಿಕ್ಕಿಸಿದ್ದೀರಿ. ತಪ್ಪು ಅಲ್ಲೇ ಆಗಿದೆ.

ಇಂಥ ಪ್ಯಾನೆಲ್ ಒಳಗೆ ಬ್ಯಾಟರಿ ಇರುವುದಿಲ್ಲ. ಆ ಕ್ಷಣಕ್ಕೆ ಬಿಸಿಲು ಎಷ್ಟಿದೆಯೋ ಅಷ್ಟೇ ಕರೆಂಟ್. ಒಂದು ತುಂಡು ಮೋಡ ಅಡ್ಡ ಬಂದರೆ ವೋಲ್ಟೇಜ್ ಕುಸಿದು ಚಾರ್ಜಿಂಗ್ ನಿಂತುಹೋಗುತ್ತದೆ. ಮೋಡ ಸರಿದರೆ ಮತ್ತೆ ಶುರು, ಪ್ರತಿ ಸಲವೂ ಸ್ಕ್ರೀನ್ ಹೊತ್ತಿಕೊಳ್ಳುತ್ತದೆ. ಎಷ್ಟೋ ಫೋನ್‌ಗಳು ಈ ಚಾರ್ಜರ್‌ಗೆ ಶಕ್ತಿ ಸಾಲದು ಎಂದು ತೀರ್ಮಾನಿಸಿ, ಬಿಸಿಲು ವಾಪಸ್ ಬಂದ ಮೇಲೂ ಸ್ವಲ್ಪ ಸ್ವಲ್ಪವೇ ಎಳೆಯುತ್ತವೆ. ಕೇಬಲ್ ತೆಗೆದು ಹಾಕುವ ತನಕ ಅದೇ ಗತಿ. ನೀವು ಸುತ್ತಾಡಿ ಬರುವಷ್ಟರಲ್ಲಿ ಎರಡು ಗಂಟೆಯ ಒಳ್ಳೆ ಬಿಸಿಲು ಸುಮ್ನೆ ಹೋಗಿರುತ್ತದೆ.

ಹಗಲು ಪ್ಯಾನೆಲ್‌ನಿಂದ ಪವರ್ ಬ್ಯಾಂಕ್ ತುಂಬಿಸಿ, ರಾತ್ರಿ ಪವರ್ ಬ್ಯಾಂಕ್‌ನಿಂದ ಫೋನ್. ಪವರ್ ಬ್ಯಾಂಕೂ ಒಮ್ಮೊಮ್ಮೆ ಹೀಗೆ ಹಟ ಹಿಡಿಯುತ್ತದೆ. ಆಗಲೂ ಕೇಬಲ್ ತೆಗೆದು ಹಾಕಿದರೆ ಸರಿಯಾಗುತ್ತದೆ. ಆದರೆ ಅದನ್ನು ನೀವು ನಡುನಡುವೆ ಎತ್ತಿ ಫೋಟೊ ತೆಗೆಯುವುದಿಲ್ಲ, ಮಾತಾಡುವುದಿಲ್ಲ. ಇಡೀ ದಿನ ಒಂದೇ ಕಡೆ ಕೂತು ತುಂಬಿಕೊಳ್ಳುತ್ತದೆ.

ಇನ್ನು 28 ವ್ಯಾಟ್ ಎಂಬ ಲೆಕ್ಕ. ಅದು ಲ್ಯಾಬ್‌ನಲ್ಲಿ ಅಳೆದದ್ದು: ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಸೆಲ್‌ನ (ಪ್ಯಾನೆಲ್‌ನಲ್ಲಿ ಬಿಸಿಲನ್ನು ಕರೆಂಟ್ ಮಾಡುವ ಬಿಲ್ಲೆಯ) ಬಿಸಿ 25 ಡಿಗ್ರಿ. ಬಯಲಲ್ಲಿ ಬಿಸಿಲಿಗೆ ಹಾಸಿದ ಪ್ಯಾನೆಲ್ 60 ಡಿಗ್ರಿ ಮುಟ್ಟುವುದು ಮಾಮೂಲು. ಬಿಸಿ ಒಂದೊಂದು ಡಿಗ್ರಿ ಏರಿದಾಗಲೂ ಶೇ 0.4ರ ಆಸುಪಾಸು ಶಕ್ತಿ ಕಳೆಯುತ್ತದೆ. ಒಳ್ಳೆ ಬಿಸಿಲಲ್ಲಿ 17ರಿಂದ 20 ವ್ಯಾಟ್ ಸಿಕ್ಕರೆ ನಿಮ್ಮ ಪ್ಯಾನೆಲ್ ಚೆನ್ನಾಗಿದೆ ಎಂದೇ ಅರ್ಥ.

ಅಷ್ಟು ಸಿಗಬೇಕಾದರೆ ಅದು ಸೂರ್ಯನಿಗೆ ನೇರ ಮುಖ ಮಾಡಿರಬೇಕು. ಒಂದು ಬೆಂಕಿಕಡ್ಡಿಯನ್ನು ಪ್ಯಾನೆಲ್ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದುಕೊಳ್ಳಿ. ನೆರಳು ಒಂದು ಕಡೆಗೆ ಉದ್ದಕ್ಕೆ ಚಾಚಿರುತ್ತದೆ. ಪ್ಯಾನೆಲನ್ನು ನಿಧಾನ ವಾಲಿಸುತ್ತಾ ಬನ್ನಿ. ನೆರಳು ಗಿಡ್ಡವಾಗುತ್ತಾ ಬಂದು ಕಡ್ಡಿಯ ಬುಡದಲ್ಲಿ ಮಾಯವಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಹಿಂದೆ ಕಲ್ಲು ಕೊಡಿ. ಎರಡು ಗಂಟೆಗೊಮ್ಮೆ ಮತ್ತೆ ನೋಡಿ. 45 ಡಿಗ್ರಿ ಓರೆಯಾದರೆ ಹತ್ತಿರ ಹತ್ತಿರ ಶೇ 30 ನಷ್ಟ. ಟೆಂಟಿನ ಹಗ್ಗದ ನೆರಳು, ಎಲೆಯ ನೆರಳೂ ಬೀಳಬಾರದು. ಸೆಲ್‌ಗಳು ಒಂದಕ್ಕೊಂದು ಸರಪಳಿ ಹಾಗೆ ಜೋಡಿಸಿರುತ್ತವೆ. ಒಂದು ಸೆಲ್ ಮಂಕಾದರೆ ಅದು ಇಡೀ ಸಾಲನ್ನೇ ತಡೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಪವರ್ ಬ್ಯಾಂಕ್ ಬಿಸಿಲಲ್ಲಿ ಇರಬಾರದು. ಕೆಲವು ಪ್ಯಾನೆಲ್‌ಗಳ ಹಿಂದೆ ಅದಕ್ಕೆಂದೇ ಒಂದು ಜೇಬು ಹೊಲಿದಿರುತ್ತಾರೆ. ಹೊಲಿದವರ ಮೇಲೆ ನನಗೆ ಸಿಟ್ಟಿದೆ. ಅದನ್ನು ನಂಬಿ ಒಂದು ಮಧ್ಯಾಹ್ನ ಪವರ್ ಬ್ಯಾಂಕ್ ಅಲ್ಲೇ ಬಿಟ್ಟಿದ್ದೆ. ತೆಗೆದಾಗ ಕೈಯಲ್ಲಿ ಹಿಡಿಯಲು ಆಗದಷ್ಟು ಸುಡುತ್ತಿತ್ತು. ಮಾರನೇ ದಿನ ಮೇಜಿನ ಮೇಲಿಟ್ಟರೆ ಹೊಟ್ಟೆ ಉಬ್ಬಿ ಅಲ್ಲಾಡುತ್ತಿತ್ತು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಸೊನ್ನೆ ಡಿಗ್ರಿಗಿಂತ ಕೆಳಗೂ ಬೇಡ. ಉದ್ದದ ಕೇಬಲ್ ಒಯ್ಯಿರಿ, ಪವರ್ ಬ್ಯಾಂಕನ್ನು ಪ್ಯಾನೆಲ್‌ನಿಂದ ದೂರ, ಗಾಳಿಯಾಡುವ ನೆರಳಲ್ಲಿ ಇಡಿ.

ಟವರ್ ಸಿಗದ ಜಾಗದಲ್ಲಿ ಫೋನ್ ಹುಡುಕುತ್ತಲೇ ಬ್ಯಾಟರಿ ತಿಂದು ಮುಗಿಸುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿ. ಇಷ್ಟು ಮಾಡಿದರೆ ನಿಮ್ಮ ಪ್ಯಾನೆಲ್ ಇಬ್ಬರ ಫೋನಿಗೂ ಒಂದು ಹೆಡ್‌ಲ್ಯಾಂಪಿಗೂ ಧಾರಾಳ ಸಾಕು.

ಪ್ರಶ್ನೆ: ಮೈಮೇಲೇ ಪುಟ್ಟ ಸೋಲಾರ್ ಇರುವ 20000 ಎಂಎಎಚ್ ಪವರ್ ಬ್ಯಾಂಕ್ ತಗೊಂಡರೆ ಸಾಕಲ್ವಾ?

ಉತ್ತರ: ಸಾಲದು. ಅಂಗೈಯಷ್ಟು ಜಾಗದಿಂದ ಒಂದೂವರೆ ವ್ಯಾಟ್ ಬಂದರೆ ಹೆಚ್ಚು. ಆ ಬ್ಯಾಟರಿ 74 ವ್ಯಾಟ್ ಅವರ್‌ನದ್ದು, ಅಂದರೆ ಒಂದು ವ್ಯಾಟ್‌ನಂತೆ ತುಂಬಿದರೆ 74 ಗಂಟೆ. ತುಂಬಲು ಸುಡುಬಿಸಿಲೇ 50 ಗಂಟೆ ಬೇಕು. ಅದೂ ಬ್ಯಾಟರಿಯನ್ನೇ ಬಿಸಿಲಿಗೆ ಹಾಕಿ! ದಿನಕ್ಕೆರಡು ಸಲ ತಾನೇ ತುಂಬಿಕೊಳ್ಳುತ್ತದೆ ಎಂದು ಮಾರುವವರು ಸುಳ್ಳು ಹೇಳುತ್ತಿದ್ದಾರೆ. ನೀವೇ ಪರೀಕ್ಷಿಸಿ: ಇವತ್ತಿನ ಒಳ್ಳೆ ಸೆಲ್‌ಗಳಿಂದಲೂ ಒಂದು ಚದರ ಮೀಟರಿಗೆ ಸುಮಾರು 200 ವ್ಯಾಟ್. ಪುಸ್ತಕದಷ್ಟು ಪ್ಯಾನೆಲ್ ತೋರಿಸಿ 60 ವ್ಯಾಟ್ ಎಂದರೆ ಅಂಗಡಿಯಿಂದ ಎದ್ದು ಬನ್ನಿ.

ಪ್ರಶ್ನೆ: 10000 ಎಂಎಎಚ್ ಪವರ್ ಬ್ಯಾಂಕ್ 5000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸಬೇಕಲ್ವಾ?

ಉತ್ತರ: ಒಂದೂವರೆ ಸಲ. ಉಳಿದದ್ದು ವೋಲ್ಟೇಜ್ ಬದಲಿಸುವುದರಲ್ಲಿ, ಬಿಸಿಯಲ್ಲಿ ಹೋಗುತ್ತದೆ.

ಪ್ರಶ್ನೆ: ಇದೇ ಪ್ಯಾನೆಲ್‌ನಲ್ಲಿ ಎಲೆಕ್ಟ್ರಿಕ್ ಕೆಟಲ್ ಓಡಿಸಬಹುದಾ?

ಉತ್ತರ: ಇಲ್ಲ.

ಪ್ರಶ್ನೆ: ಉಬ್ಬಿದ ಪವರ್ ಬ್ಯಾಂಕನ್ನು ಫ್ರೀಜರಿನಲ್ಲಿಟ್ಟರೆ ಅಥವಾ ಸೂಜಿ ಚುಚ್ಚಿ ಗಾಳಿ ಬಿಟ್ಟರೆ ಸರಿಹೋಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ.

ಉತ್ತರ: ದಯವಿಟ್ಟು ಬೇಡ. ಸೂಜಿ ಚುಚ್ಚಿದರೆ ಒಳಗೆ ಶಾರ್ಟ್ ಆಗಿ ಕೈಯಲ್ಲೇ ಬೆಂಕಿ ಹತ್ತಿಕೊಳ್ಳಬಹುದು. ಆ ವಿಡಿಯೊ ಮಾಡಿದವರಿಗೆ ನಿಮ್ಮ ಕೈಯ ಚಿಂತೆ ಇಲ್ಲ, ನನಗಿದೆ. ಉಬ್ಬಿದ್ದನ್ನು ಚಾರ್ಜ್ ಮಾಡಬೇಡಿ, ಒತ್ತಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಕೊಡುವ ತನಕ ಅದನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗಬೇಡಿ.