ಫೈಬರ್ ಎಳೆಯಲು ಅನುಮತಿ: ಅರ್ಜಿಗಿಂತ ಮೊದಲು ದಾರಿ ನಡೆದು ನೋಡಿ

ಸಣ್ಣ ಇಂಟರ್ನೆಟ್ ಸಂಸ್ಥೆ ಶುರು ಮಾಡ್ತಿದ್ದೇನೆ, ಮೂರು ಕಿಲೋಮೀಟರ್ ಫೈಬರ್ ಎಳೆಯಬೇಕು, ಯಾವ ಕಚೇರಿಗೆ ಅರ್ಜಿ ಹಾಕಲಿ ಎಂದು ಕೇಳಿದ್ದೀರಿ. ಒಂದೇ ಕಚೇರಿಯಲ್ಲಿ ಮುಗಿಯುವುದು ಅಪರೂಪ. ಆ ಮೂರು ಕಿಲೋಮೀಟರ್ ಯಾರ್ಯಾರ ನೆಲ ಅಂತ ಮೊದಲು ತಿಳಿದುಕೊಳ್ಳಿ.

ನಾನೂ ಇಂಥದ್ದೇ ಸಂಸ್ಥೆ ನಡೆಸುತ್ತೇನೆ. ಮೊದಲ ಸಲ ಕಂಪ್ಯೂಟರಿನ ಮ್ಯಾಪಿನಲ್ಲಿ ಗೆರೆ ಎಳೆದು ಅರ್ಜಿ ಕೊಟ್ಟಿದ್ದೆ. ರಸ್ತೆಯ ಅನುಮತಿ ಬಂತು, ಅಗೆತವೂ ಶುರುವಾಯಿತು. ಆಮೇಲೆ ಗೊತ್ತಾಯಿತು, ನಡುವಿನ ಸಣ್ಣ ಸೇತುವೆ ರಸ್ತೆಯವರದ್ದಲ್ಲ, ಕಾಲುವೆಯವರದ್ದು. ಎರಡೂ ಬದಿಯಲ್ಲಿ ಡಕ್ಟ್, ಅಂದರೆ ಕೇಬಲ್ ತೂರಿಸುವ ಪೈಪ್, ಹೂತಾಗಿತ್ತು. ಅದರ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಹದಿನೈದು ಮೀಟರಿಗೋಸ್ಕರ ಐದು ತಿಂಗಳು ಕಾದೆವು. ಆಚೆ ದಡದ ಮನೆಯವರು ಫೋನ್ ಮಾಡಿದಾಗಲೆಲ್ಲ ಸಂಕಟವಾಗುತ್ತಿತ್ತು.

ಅದಕ್ಕೇ ಹೇಳುವುದು, ದಾರಿಯುದ್ದಕ್ಕೂ ನಡೆಯಿರಿ. ಸೇತುವೆ, ಮೋರಿ, ಹೆದ್ದಾರಿ, ರೈಲು ಹಳಿ, ಖಾಸಗಿ ಜಮೀನು ಎಲ್ಲಿ ಸಿಗುತ್ತವೆ ಅಂತ ಬರೆದುಕೊಳ್ಳಿ. ಇವುಗಳ ಅರ್ಜಿಯನ್ನೇ ಮೊದಲು ಹಾಕಿ, ಜಾಸ್ತಿ ಕಾಯಿಸುವುದು ಇವೇ. ಹಳಿ ದಾಟದೆ ಬಳಸಿ ಹೋಗಲು ಆಗುತ್ತಾ ನೋಡಿ. ಒಂದು ಕಿಲೋಮೀಟರ್ ಜಾಸ್ತಿಯಾದರೆ ಕೇಬಲ್ ಖರ್ಚು ಬರುತ್ತದೆ ನಿಜ, ಆದರೆ ಸಿಗ್ನಲ್‌ಗೆ ಅದು ಭಾರವಲ್ಲ. ದೂರಕ್ಕೆ ಎಳೆಯುವ ಸಿಂಗಲ್ ಮೋಡ್ ಫೈಬರಿನಲ್ಲಿ 1310 ನ್ಯಾನೊಮೀಟರ್ ತರಂಗಾಂತರದ ಬೆಳಕು ಕಿಲೋಮೀಟರಿಗೆ ಸುಮಾರು 0.35 ಡೆಸಿಬಲ್ (ಸಿಗ್ನಲ್ ಕುಗ್ಗುವುದರ ಅಳತೆ) ಅಷ್ಟೇ ಕಳೆದುಕೊಳ್ಳುವುದು. 32 ಮನೆಗೆ ಹಂಚುವ ಒಂದು ಸ್ಪ್ಲಿಟರ್ ಒಂದೇ ಸುಮಾರು 17 ಡೆಸಿಬಲ್ ತಿನ್ನುತ್ತದೆ.

ಇನ್ನು ಅರ್ಜಿ. ರಸ್ತೆ ನೋಡಿಕೊಳ್ಳುವ ಎಂಜಿನಿಯರ್ ನಿಮ್ಮ ಇಂಟರ್ನೆಟ್ ವೇಗ ಕೇಳುವುದಿಲ್ಲ. ನನ್ನನ್ನು ಅವರು ಕೇಳಿದ್ದು ಒಂದೇ: "ಅಗೆದ ಮೇಲೆ ಮುಚ್ಚೋರು ಯಾರು?" ಆ ಪ್ರಶ್ನೆ ನ್ಯಾಯವಾದದ್ದೇ ಅಲ್ವಾ? ಸರಿಯಾಗಿ ತುಂಬದ ಗುಂಡಿ ಮಳೆಗೆ ಕುಸಿದರೆ ಜನ ಬೈಯುವುದು ಅವರನ್ನೇ. ಆದ್ದರಿಂದ ಎಷ್ಟು ಆಳ, ರಸ್ತೆಯ ಅಂಚಿನಿಂದ ಎಷ್ಟು ದೂರ, ಮಣ್ಣನ್ನು ಪದರ ಪದರವಾಗಿ ಹೇಗೆ ದಮ್ಮಸ್ಸು ಮಾಡುತ್ತೀರಿ, ಡಾಂಬರು ಯಾರು ಹಾಕುತ್ತಾರೆ ಎಂದು ನಕ್ಷೆಯ ಜೊತೆಗೇ ಬರೆಯಿರಿ. ಠೇವಣಿ ಕೇಳಿದರೆ ಅದು ಯಾವಾಗ, ಯಾವ ಷರತ್ತಿನ ಮೇಲೆ ವಾಪಸ್ ಬರುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಅಗೆಯುವ ಮೊದಲೇ ರಸ್ತೆಯ ಫೋಟೊ ತೆಗೆದಿಡಿ. ದೊಡ್ಡ ರಸ್ತೆ ದಾಟುವಲ್ಲಿ ಡಾಂಬರು ಮುಟ್ಟದೆ ಅಡಿಯಿಂದ ಕೊರೆದು ಪೈಪ್ ತೂರಿಸುತ್ತೇವೆ ಎಂದರೆ ಮಾತು ಬೇಗ ಮುಂದುವರಿಯುತ್ತದೆ. ಆದರೆ ನೀರು, ಗ್ಯಾಸ್, ಕರೆಂಟಿನವರಿಂದ ಅವರವರ ಲೈನ್ ಗುರುತು ಹಾಕಿಸದೆ ಯಂತ್ರ ಇಳಿಸಲೇಬೇಡಿ.

ಕಂಬದ ಮೇಲೆ ಎಳೆಯುವುದಾದರೆ ಕಂಬದವರ ಚಿಂತೆ ಬೇರೆ: ಭಾರ, ಮತ್ತು ಕರೆಂಟ್ ತಂತಿಯಿಂದ ಅಂತರ. ಲೋಹವೇ ಇಲ್ಲದ, ತನ್ನ ಭಾರ ತಾನೇ ಹೊರುವ ಎಡಿಎಸ್ಎಸ್ ಕೇಬಲ್ ಬಳಸುತ್ತೇವೆ ಎಂದು ಅರ್ಜಿಯಲ್ಲೇ ಹೇಳಿ.

ಇದೆಲ್ಲಕ್ಕೂ ಮೊದಲು, ಆ ದಾರಿಯಲ್ಲಿ ಯಾರದ್ದಾದರೂ ಖಾಲಿ ಡಕ್ಟ್ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ. ನಮ್ಮ ಎರಡನೇ ಮಾರ್ಗದಲ್ಲಿ ಅರ್ಧ ದೂರ ಹಾಗೇ ಸಿಕ್ಕಿತು, ಅಷ್ಟು ದೂರ ಒಂದು ಗುದ್ದಲಿಯನ್ನೂ ನೆಲಕ್ಕೆ ಹಾಕಲಿಲ್ಲ.