ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ: ‘ಹ್ಞೂಂ ಕನವ್ವ’ ಅಂದರೆ ಅರ್ಥ ಆಯ್ತು ಅಂತಲ್ಲ

ಪ್ರಶ್ನೆ: ನಾನು ಮಂಡ್ಯದಲ್ಲಿ ಎಂಬಿಬಿಎಸ್ ಮೂರನೇ ವರ್ಷ ಓದುತ್ತಿದ್ದೇನೆ. ಬೆಳೆದದ್ದು ಬೆಂಗಳೂರಿನಲ್ಲಿ. ಮನೆಯಲ್ಲಿ ಕನ್ನಡವೇ ಮಾತಾಡುತ್ತೇವೆ, ಆದರೂ ವಾರ್ಡಿನಲ್ಲಿ ಒದ್ದಾಡುತ್ತೇನೆ. ಮೊನ್ನೆ ಒಬ್ಬ ಅಜ್ಜಿ ‘ಸಂಕಟ ಆಯ್ತದೆ ಕನವ್ವ’ ಅಂದರು. ಮನಸ್ಸಿಗೆ ನೋವಾಗಿದೆ ಅಂದುಕೊಂಡು ಸಮಾಧಾನ ಹೇಳಿದೆ. ಅವರು ಹೇಳಿದ್ದು ಹೊಟ್ಟೆ ತೊಳಸುವುದನ್ನ. ಕೇಸ್ ಹೇಳುವಾಗ ಎಲ್ಲರ ಮುಂದೆ ಬೈಸಿಕೊಂಡೆ. ಕ್ಲಾಸಿನಲ್ಲಿ ಎಂಪಥಿ (ಬೇರೆಯವರ ನೋವನ್ನ ಅವರ ಜಾಗದಲ್ಲಿ ನಿಂತು ಅರಿಯೋದು), ಎಮೋಷನಲ್ ಇಂಟೆಲಿಜೆನ್ಸ್ ಅಂತ ಪಾಠ ಮಾಡುತ್ತಾರೆ. ಇದೆಲ್ಲ ಕಲಿತರೆ ಬರುತ್ತಾ, ಹುಟ್ಟಿನಿಂದಲೇ ಬರಬೇಕಾ?

ಉತ್ತರ: ಕಲಿತರೆ ಬರುತ್ತೆ ಮಗಳೇ. ನಾನು ಕಲಿತದ್ದು ಕೆಲಸಕ್ಕೆ ಸೇರಿ ಎಂಟು ವರ್ಷ ಆದ ಮೇಲೆ, ಅದೂ ಒಬ್ಬ ಸಿಸ್ಟರ್ ಹತ್ತಿರ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

1990ರ ದಶಕ. ಪಾಂಡವಪುರದ ಕಡೆಯ ಒಬ್ಬ ಹೆಂಗಸು ಸಕ್ಕರೆ ಕಾಯಿಲೆಗೆ ನನ್ನ ಹತ್ತಿರ ಬರುತ್ತಿದ್ದರು. ಐವತ್ತರ ಆಸುಪಾಸು. ಇನ್ಸುಲಿನ್ ಬರೆದುಕೊಟ್ಟೆ. ‘ಫ್ರಿಜ್ಜಿನಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ, ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳಿ’ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಪ್ರತಿ ಮಾತಿಗೂ ‘ಹ್ಞೂಂ ಕನವ್ವ’ ಅಂದರು. ತಿಂಗಳು ಬಿಟ್ಟು ಬಂದರೆ ಸಕ್ಕರೆ ಇಳಿದಿಲ್ಲ. ಡೋಸ್ ಏರಿಸಿದೆ. ಮತ್ತೂ ಇಳಿಯಲಿಲ್ಲ. ‘ನೀವು ಸರಿಯಾಗಿ ತಗೋತಾ ಇಲ್ಲ, ನನ್ನ ಟೈಮ್ ಯಾಕೆ ಹಾಳು ಮಾಡ್ತೀರಿ’ ಅಂತ ಗದರಿದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ಅವತ್ತೂ ‘ಹ್ಞೂಂ’ ಅಂದೇ ಹೋದರು.

ಮುಂದಿನ ಸಲ ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನಮ್ಮ ಸಿಸ್ಟರ್ ಪಕ್ಕದಲ್ಲಿ ಹೋಗಿ ಕೂತರು. ‘ಔಸ್ದಿ ಎಲ್ಲಿ ಮಡಗ್ತೀಯವ್ವ?’ ಅಂತ ಕೇಳಿದರು, ಅಷ್ಟೇ. ‘ಅಟ್ಟದ ಮ್ಯಾಲೆ ಕನವ್ವ, ಹಂಚಿನ ಕೆಳಗೆ. ಮೊಮ್ಮಕ್ಳ ಕೈಗೆ ಸಿಗ್ಬಾರ್ದಲ್ಲ.’ ಏಪ್ರಿಲ್ ಬಿಸಿಲು. ಕಾದ ಹಂಚಿನ ಕೆಳಗೆ ಬಾಟಲಿ ಕೂತಿದ್ದರೆ ಇನ್ಸುಲಿನ್ ಎಲ್ಲಿ ಉಳಿಯುತ್ತೆ? ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇಲ್ಲ ಅಂತ ನನ್ನೆದುರು ಹೇಳಲು ನಾಚಿಕೆ. ನಾನು ಕೇಳಲೂ ಇಲ್ಲ. ಒಂದು ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಚಿಕ್ಕ ಕುಡಿಕೆ ಇಟ್ಟು, ಬಾಟಲಿಯನ್ನ ಅದರಲ್ಲಿ ಇಡೋದನ್ನ ಸಿಸ್ಟರೇ ಹೇಳಿಕೊಟ್ಟರು. ಹೊಸ ಬಾಟಲಿ ಕೊಟ್ಟು, ಏರಿಸಿದ ಡೋಸನ್ನ ಮೊದಲಿನಷ್ಟಕ್ಕೆ ಇಳಿಸಿದೆ. ಮುಂದಿನ ತಿಂಗಳು ಸಕ್ಕರೆ ಇಳಿದಿತ್ತು.

ನಮ್ಮ ಕಡೆ ‘ಹ್ಞೂಂ’ ಅಂದರೆ ‘ನೀವು ಹೇಳಿದ್ದು ಕೇಳಿಸಿತು’ ಅಂತ. ‘ದೊಡ್ಡವರು ಹೇಳ್ತಾ ಇದ್ದೀರಿ, ಎದುರು ಮಾತಾಡಲ್ಲ’ ಅಂತಲೂ ಇರಬಹುದು. ಅದನ್ನ ‘ಅರ್ಥ ಆಯ್ತು’ ಅಂತ ತಿಳಿದರೆ ಇಬ್ಬರಿಗೂ ನಷ್ಟ. ಹಾಗಾಗಿ ‘ಅರ್ಥ ಆಯ್ತಾ?’ ಅಂತ ಕೇಳಲೇಬೇಡ. ‘ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡೋಣ. ಮನೆಗೆ ಹೋಗಿ ಮಗನಿಗೆ ಹೇಗೆ ಹೇಳ್ತೀರಿ, ಹೇಳಿ’ ಅಂತ ಕೇಳು. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಟೀಚ್ ಬ್ಯಾಕ್ ಅಂತಾರೆ. ಪರೀಕ್ಷೆ ನಿನ್ನದು, ರೋಗಿಯದ್ದಲ್ಲ ಅನ್ನೋದು ನಿನ್ನ ದನಿಯಲ್ಲೇ ಗೊತ್ತಾಗಬೇಕು.

ಇನ್ನೊಂದು, ಮೊದಲ ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂತುಕೋ. ಅಮೆರಿಕದಲ್ಲಿ 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನೋ ಇಬ್ಬರು 74 ಭೇಟಿಗಳ ಧ್ವನಿಮುದ್ರಣ ಕೇಳಿ ನೋಡಿದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕಿದ್ದರು. ಪೂರ್ತಿ ಹೇಳಲು ಬಿಟ್ಟ ಕಡೆ ಯಾರೂ ಎರಡೂವರೆ ನಿಮಿಷ ದಾಟಿರಲಿಲ್ಲ. ಓಪಿಡಿ ಸಾಲು ಉದ್ದ ಇರುತ್ತೆ, ಗೊತ್ತು. ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಚಾಮರಾಜನಗರ, ಕೊಡಗು, ಮಂಡ್ಯ ಎಲ್ಲ ಕಡೆಯಿಂದ ಬರುವ ಜನ ನೋಡಿದ್ದೇನೆ. ಆದರೆ ನೀನಿನ್ನೂ ವಿದ್ಯಾರ್ಥಿನಿ. ಸಾಲು ಕರಗಿಸುವುದು ನಿನ್ನ ಕೆಲಸ ಅಲ್ಲ. ಒಬ್ಬರ ಹತ್ತಿರ ಅರ್ಧ ಗಂಟೆ ಕೂರುವ ಭಾಗ್ಯ ನಿನಗೆ ಈಗ ಮಾತ್ರ ಇರೋದು.

ಭಾಷೆಗೆ ಬರೋಣ. ಒಂದು ಚಿಕ್ಕ ನೋಟ್‌ಬುಕ್ ಏಪ್ರನ್ ಜೇಬಿನಲ್ಲಿ ಇಟ್ಟುಕೋ. ಕೇಳಿದ ಮಾತನ್ನ ಕೇಳಿದ ಹಾಗೇ ಬರೆದುಕೋ. ‘ಎದೆ ಹಿಡ್ಕತದೆ’, ‘ಜೀವ ಹಾರ್ತದೆ’, ‘ಮೈ ಕಾಯ್ತದೆ’. ‘ಸಂಕಟ’ ಅಂದಾಗ ‘ಎಲ್ಲಿ ಸಂಕಟ, ಕೈಯಿಟ್ಟು ತೋರಿಸಿ’ ಅಂತ ಕೇಳಿದ್ದರೆ ಆ ಅಜ್ಜಿಯೇ ನಿನಗೆ ಪಾಠ ಹೇಳುತ್ತಿದ್ದರು. ಹೊಟ್ಟೆಯ ಮೇಲೋ, ಎದೆಯ ನಡುವೆಯೋ ಅನ್ನೋದು ದೊಡ್ಡ ವ್ಯತ್ಯಾಸ. ಎದೆ ಅಂದರೆ ತಕ್ಷಣ ಸೀನಿಯರನ್ನ ಕರೆಯಬೇಕು. ‘ಮೋಷನ್ ಸರಿ ಆಗುತ್ತಾ’ ಅಂತ ಕೇಳಬೇಡ, ‘ಹೊರಕಡೆ ಸರಿಯಾಗಿ ಹೋಗ್ತೀರಾ’ ಅಂತ ಕೇಳು. ಆದರೆ ‘ಹೊರಗೆ ಕೂತಿದ್ದೀನಿ’ ಅಂದರೆ ಮುಟ್ಟು. ಎಷ್ಟು ದಿನದಿಂದ ಅಂದರೆ ‘ಮಾರಮ್ಮನ ಹಬ್ಬದ ಹಿಂದಿನ ದಿನದಿಂದ’ ಅಂತಾರೆ, ‘ಕಬ್ಬು ಕಡಿಯಕ್ ಹೋಗಿದ್ನಲ್ಲ, ಅವತ್ನಿಂದ’ ಅಂತಾರೆ. ‘ಅದೆಲ್ಲ ಬೇಡ, ಎಷ್ಟು ವಾರ ಹೇಳಿ’ ಅಂತ ಕತ್ತರಿಸಬೇಡ. ಹಬ್ಬ ಯಾವಾಗಿತ್ತು ಅಂತ ನೀನೇ ಲೆಕ್ಕ ಹಾಕು. ಕಬ್ಬಿನ ಗದ್ದೆಯ ವಿಷಯ ಬಂದಿತಲ್ಲ, ಅದರಲ್ಲೇ ರೋಗದ ಸುಳಿವೂ ಇರಬಹುದು.

ನಿಮಗೀಗ ಇದಕ್ಕೆ ಪಾಠವೇ ಇದೆ. ಮೆಡಿಕಲ್ ಕೌನ್ಸಿಲ್ 2018ರಲ್ಲಿ ಎಟ್‌ಕಾಮ್ ಮಾಡ್ಯೂಲ್ ಮಾಡಿತು. ನಡವಳಿಕೆ, ನೀತಿ, ಮಾತುಕತೆ ಮೂರೂ ಅದರಲ್ಲಿವೆ. 2019ರಲ್ಲಿ ಸೇರಿದ ಬ್ಯಾಚಿನಿಂದ ಅದು ಕಡ್ಡಾಯ. ನಮಗೆ ಇಂಥದ್ದು ಇರಲಿಲ್ಲ. ದಯವಿಟ್ಟು ಅದನ್ನ ಅಟೆಂಡೆನ್ಸಿಗೆ ಕೂರುವ ಕ್ಲಾಸ್ ಅಂದುಕೊಳ್ಳಬೇಡ.

ಪ್ರಶ್ನೆ: ನಾನು ಮೈಸೂರಿನಲ್ಲಿ ಹೌಸ್ ಸರ್ಜನ್, ಅಂದರೆ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದೇನೆ. ಹೋದ ತಿಂಗಳು ನಾನು ದಿನಾ ನೋಡುತ್ತಿದ್ದ ಒಬ್ಬ ಹುಡುಗ ತೀರಿಕೊಂಡ. ನಂಜನಗೂಡಿನ ಕಡೆಯವನು, ನನ್ನ ತಮ್ಮನ ವಯಸ್ಸು. ಬಾತ್‌ರೂಮಿಗೆ ಹೋಗಿ ಅತ್ತೆ. ಜೊತೆಯವನು ‘ಹೀಗಾದರೆ ನೀನು ಡಾಕ್ಟರ್ ಆಗಲ್ಲ’ ಅಂದ. ಈಗ ಆ ಹುಡುಗ ಇದ್ದ ಬೆಡ್ ಹತ್ತಿರ ಹೋಗಲು ಕಾಲು ಬರುತ್ತಿಲ್ಲ. ನಾನು ಲಾಯಕ್ಕಿಲ್ಲವಾ?

ಉತ್ತರ: ಅತ್ತದ್ದಕ್ಕೆ ಯಾರೂ ನಾಲಾಯಕ್ ಆಗಲ್ಲಪ್ಪ. ನನಗೆ ಭಯ ಇರೋದು ಅಳು ನಿಂತೇ ಹೋದವರ ಬಗ್ಗೆ. ಫಿಲಡೆಲ್ಫಿಯಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನ ವರ್ಷ ವರ್ಷ ಅಳೆದು ನೋಡಿದ ಅಧ್ಯಯನ 2009ರಲ್ಲಿ ಬಂತು. ಎಂಪಥಿ ಇಳಿದದ್ದು ಮೂರನೇ ವರ್ಷದಲ್ಲಿ, ಅಂದರೆ ಅಲ್ಲಿ ರೋಗಿಗಳ ನಡುವೆ ನಿಜವಾಗಿ ಓಡಾಡಲು ಶುರು ಮಾಡುವ ವರ್ಷದಲ್ಲಿ. ನಿನ್ನಲ್ಲಿ ಅದು ಇನ್ನೂ ಇದೆ.

ಆದರೆ ಅತ್ತು ಸುಮ್ನೆ ಬಿಟ್ಟುಬಿಡಬೇಡ. ಎಮೋಷನಲ್ ಇಂಟೆಲಿಜೆನ್ಸ್ ಅಂತ 1990ರಲ್ಲಿ ಸಾಲೊವೆ ಮತ್ತು ಮೇಯರ್ ಬರೆದಾಗ ಹೇಳಿದ್ದು ಇಷ್ಟೇ: ನಮ್ಮ ಮತ್ತು ಬೇರೆಯವರ ಭಾವನೆಗಳನ್ನ ಗಮನಿಸಿ, ಯಾವುದು ಯಾವುದು ಅಂತ ಬಿಡಿಸಿ ನೋಡಿ, ಆ ತಿಳಿವಳಿಕೆಯನ್ನ ಮುಂದಿನ ಹೆಜ್ಜೆಗೆ ಬಳಸಿಕೊಳ್ಳೋದು. ಬಿಡಿಸಿ ನೋಡುವುದೇ ಕಷ್ಟದ ಕೆಲಸ. ನಿನ್ನ ಹೊಟ್ಟೆಯಲ್ಲಿ ಇರೋದು ದುಃಖವೋ, ‘ನಾನೇನೋ ತಪ್ಪು ಮಾಡಿದೆ’ ಅನ್ನೋ ಅಳುಕೋ, ‘ನನ್ನ ತಮ್ಮನಿಗೂ ಹೀಗಾದರೆ’ ಅನ್ನೋ ಭಯವೋ? ದುಃಖ ಆದರೆ ಅಮ್ಮನಿಗೆ ಫೋನ್ ಮಾಡಿ ಹೇಳಿಕೋ. ಅಳುಕು ಆದರೆ ಕೇಸ್ ಶೀಟ್ ಹಿಡಿದು ಯೂನಿಟ್ಟಿನ ಸೀನಿಯರ್ ಹತ್ತಿರ ಕೂತು ‘ನಾನು ಏನಾದರೂ ಬಿಟ್ಟೆನಾ’ ಅಂತ ಕೇಳು. ಎರಡಕ್ಕೂ ಮದ್ದು ಬೇರೆ ಬೇರೆ.

ಆ ಬೆಡ್ಡಿನಲ್ಲಿ ಈಗ ಬೇರೆ ಯಾರೋ ಮಲಗಿದ್ದಾರಲ್ವಾ? ನಾಳೆ ಬೆಳಿಗ್ಗೆ ಒಬ್ಬ ಗೆಳೆಯನನ್ನ ಜೊತೆಗೆ ಕರೆದುಕೊಂಡು ಹೋಗಿ ಅವರ ಹೆಸರು ಕೇಳು, ಊರು ಕೇಳು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ನಿಮ್ಮದೇ ಸೈಕಿಯಾಟ್ರಿ ವಿಭಾಗಕ್ಕೆ ಹೋಗು. ಅಲ್ಲಿ ಸಂಕೋಚ ಅನಿಸಿದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಮುಂದೆ ಇಂಥ ಸುದ್ದಿಯನ್ನ ಮನೆಯವರಿಗೆ ನೀನೇ ಹೇಳಬೇಕಾಗುತ್ತೆ. ಅದಕ್ಕೆ 2000ನೇ ಇಸವಿಯಲ್ಲಿ ಬಂದ ಸ್ಪೈಕ್ಸ್ ಅನ್ನೋ ಆರು ಹೆಜ್ಜೆಯ ಕ್ರಮ ಇದೆ, ಓದಿಕೋ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಮೊದಲ ಎರಡೇ. ಕಾರಿಡಾರಿನಲ್ಲಿ ನಿಂತು ಹೇಳಬೇಡ, ಕೂರಿಸು, ನೀನೂ ಕೂರು. ಆಮೇಲೆ ‘ಇಲ್ಲಿವರೆಗೆ ನಿಮಗೆ ಏನು ಹೇಳಿದ್ದಾರೆ?’ ಅಂತ ಕೇಳು. ಅವರ ಬಾಯಲ್ಲಿ ಬಂದ ಮಾತಿನಿಂದಲೇ ನಿನ್ನ ಮಾತು ಶುರು ಆಗಲಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಮೈಸೂರು ಕುವೆಂಪುನಗರ. ನನ್ನ ಹೆಂಡತಿ ಹೊಟ್ಟೆ ನೋವಿಗೆ ಒಂದು ಆಸ್ಪತ್ರೆಗೆ ಸೇರಿದ್ದಾಗ ಒಂದೇ ಬೆಳಿಗ್ಗೆ ಏಳು ಜನ ವಿದ್ಯಾರ್ಥಿಗಳು ಬಂದು ಹೊಟ್ಟೆ ಒತ್ತಿ ನೋಡಿದರು. ಒಬ್ಬರೂ ಹೆಸರು ಹೇಳಲಿಲ್ಲ. ಬೇಡ ಅನ್ನಬಹುದೇ?

ಉತ್ತರ: ಖಂಡಿತ ಅನ್ನಬಹುದು ಸರ್. ಬೇಡ ಅಂದದ್ದಕ್ಕೆ ಚಿಕಿತ್ಸೆ ಕಡಿಮೆ ಮಾಡುವ ಹಾಗಿಲ್ಲ. ಹೆಸರು ಹೇಳಿ, ‘ನೋಡಬಹುದಾ ಅಮ್ಮ’ ಅಂತ ಕೇಳಿ, ಪರದೆ ಎಳೆದು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟಬೇಕು ಅಂತ ನಾನು ಮೊದಲ ದಿನವೇ ಹೇಳುತ್ತಿದ್ದೆ. ಒತ್ತುವಾಗ ಕಣ್ಣು ಹೊಟ್ಟೆಯ ಮೇಲಲ್ಲ, ಮುಖದ ಮೇಲಿರಬೇಕು. ನೋವು ಮೊದಲು ಕಾಣೋದು ಅಲ್ಲಿ.

ಆಗುವ ದಿನ ಒಬ್ಬಿಬ್ಬರಿಗೆ ಅವಕಾಶ ಕೊಡಿ ಅಂತ ಮಾತ್ರ ನನ್ನ ಕೋರಿಕೆ. ‘ನಿನ್ನ ಹೆಸರೇನಪ್ಪ?’ ಅಂತ ನೀವೇ ಕೇಳಿಬಿಡಿ. ಮೇಷ್ಟ್ರು ಕೇಳಿದರೆ ಹುಡುಗರು ನೆಟ್ಟಗೆ ನಿಲ್ಲುತ್ತಾರೆ. ನಿಮ್ಮ ಮನೆಯವರ ಹೊಟ್ಟೆ ನೋವು ಈಗ ಹೇಗಿದೆ? ಸ್ಕ್ಯಾನಿಂಗಿನಲ್ಲಿ ಏನು ಬಂತು ಅಂತ ಒಂದು ಸಾಲು ಬರೆದು ತಿಳಿಸಿ.