ರಾತ್ರಿ ಹಂದಿ ಹೊಡೆಯಲು ರೈಫಲ್ ಮೇಲೆ ಎಂಥ ಟಾರ್ಚ್, ಯಾವ ಮೌಂಟ್?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಟೆಕ್ಸಾಸ್‌ನ ಹಿಲ್ ಕಂಟ್ರಿಯಲ್ಲಿ ಹನ್ನೆರಡು ಎಕರೆ ಜಮೀನು ಕೊಂಡಿದ್ದೀರಿ, ಕಾಡುಹಂದಿಗಳು ರಾತ್ರಿ ಬಂದು ಹುಲ್ಲುಗಾವಲನ್ನೆಲ್ಲ ಅಗೆದು ಹಾಕುತ್ತಿವೆ, ಎಂ-ಲಾಕ್ ಸೀಳುಗಳಿರುವ (ಬಿಡಿಭಾಗ ಬಿಗಿಯಲೆಂದೇ ಇರುವ ಉದ್ದ ಕಿಂಡಿಗಳು) ಹ್ಯಾಂಡ್‌ಗಾರ್ಡಿನ, ಅಂದರೆ ನಳಿಗೆಯ ಸುತ್ತಲಿನ ಹಿಡಿಕೆಯ, ಎಆರ್-15 ರೈಫಲ್ ಇದೆ, 40 ಡಾಲರಿಗೆ 3,000 ಲುಮೆನ್‌ನ ಟಾರ್ಚೊಂದು ಕಣ್ಣಿಗೆ ಬಿದ್ದಿದೆ, ಕೊಳ್ಳಬಹುದೇ?

ಬೇಡ. ಲುಮೆನ್ ನೋಡಿ ಕೊಂಡ ಟಾರ್ಚ್ ಅಡಿಕೆ ಚಪ್ಪರದ ಮದುವೆ ದೀಪದಂತೆ: ಅಂಗಳವೆಲ್ಲ ಝಗಮಗ, ಗೇಟಿನಾಚೆ ಕತ್ತಲು. ರೈಫಲ್‌ಗೆ ಬೇಕಾದ ಲೆಕ್ಕ ಕ್ಯಾಂಡೆಲಾ. ಟಾರ್ಚ್ ಒಟ್ಟು ಎಷ್ಟು ಬೆಳಕು ಉಗುಳುತ್ತದೆ ಎಂಬುದು ಲುಮೆನ್. ಆ ಬೆಳಕು ನಡುವಿನ ಕಿರಣದಲ್ಲಿ ಎಷ್ಟು ಬಿಗಿಯಾಗಿ ಹೋಗುತ್ತದೆ ಎಂಬುದು ಕ್ಯಾಂಡೆಲಾ. ಅಗ್ಗದ ಟಾರ್ಚ್‌ಗಳ ಡಬ್ಬದ ಮೇಲೆ ಮೊದಲನೆಯದನ್ನು ದಪ್ಪಕ್ಷರದಲ್ಲಿ ಬರೆದು ಎರಡನೆಯದನ್ನು ಹೇಳದೆ ಬಿಡುವುದಕ್ಕೆ ಕಾರಣವಿದೆ.

ಲೆಕ್ಕ ಸುಲಭ. ಟಾರ್ಚ್‌ಗಳನ್ನು ಅಳೆಯುವ ಅಮೆರಿಕದ ಎಫ್‌ಎಲ್1 ಮಾನದಂಡದಂತೆ ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಕಿರಣ ಎಷ್ಟು ಮೀಟರ್ ಹೋಗುತ್ತದೆ ಎಂಬುದು ಸಿಗುತ್ತದೆ. 10,000 ಕ್ಯಾಂಡೆಲಾಗೆ 200 ಮೀಟರ್, 40,000ಕ್ಕೆ 400 ಮೀಟರ್. ಆದರೆ ಆ ಕೊನೆಯ ತುದಿಯಲ್ಲಿ ಉಳಿಯುವುದು ಕಾಲು ಲಕ್ಸ್, ಅಂದರೆ ಹುಣ್ಣಿಮೆಯ ಬೆಳದಿಂಗಳಷ್ಟು. ಬೆಳದಿಂಗಳಲ್ಲಿ ಏನೋ ಕಪ್ಪಗೆ ಅಲ್ಲಾಡಿದ್ದು ಕಂಡೀತು. ಅದು ಹಂದಿಯೋ ಪಕ್ಕದವರ ಕರುವೋ ಎಂದು ಆಣೆ ಇಟ್ಟು ಹೇಳಲಾಗದು. ದೂರ ನಾಲ್ಕರಲ್ಲೊಂದು ಪಾಲಾದರೆ ಬೆಳಕು ಹದಿನಾರು ಪಟ್ಟಾಗುತ್ತದೆ. ಹಾಗಾಗಿ ನಾನು ಡಬ್ಬದ ಮೇಲಿನ ದೂರದ ಕಾಲು ಭಾಗವನ್ನಷ್ಟೇ ನಂಬುತ್ತೇನೆ. ನೂರು ಗಜದೊಳಗೆ ಗುರಿ ಇಡುವವರಿಗೆ 30,000ದಿಂದ 40,000 ಕ್ಯಾಂಡೆಲಾ ಸಾಕು, ಲುಮೆನ್ 700 ಇದ್ದರೂ ಚಿಂತೆಯಿಲ್ಲ.

ಲುಮೆನ್ ಹೆಚ್ಚಿದ್ದರೆ ತೊಂದರೆ ಏನು ಎಂದು ಕೇಳಬಹುದು. ಕಿರಣದ ಸುತ್ತ ಚೆಲ್ಲುವ ಬೆಳಕು ಮೊದಲು ಬೀಳುವುದು ನಳಿಗೆಯ ಮುಂದಿನ ಹುಲ್ಲಿನ ಮೇಲೆ, ಬೇಲಿಯ ತಂತಿಯ ಮೇಲೆ, ಧೂಳಿನ ಮೇಲೆ. ಅದು ಹೊಳೆದು ನಿಮ್ಮ ಕಣ್ಣಿಗೇ ತಿರುಗಿ ಬರುತ್ತದೆ. ಕಣ್ಣಿನ ಪಾಪೆ ಕಿರಿದಾಗಿ, ಎಂಬತ್ತು ಗಜದಾಚೆಯ ಹಂದಿ ಮಸುಕಾಗುತ್ತದೆ. ಮಂಜು ಬಿದ್ದ ಚಳಿಗಾಲದ ಬೆಳಗಿನ ಜಾವದಲ್ಲಂತೂ ಮುಂದೆ ಬಿಳಿ ಗೋಡೆ ಎದ್ದಂತಾಗುತ್ತದೆ. ಜೊತೆಗೆ ಅಷ್ಟು ಬೆಳಕನ್ನು ಪುಟ್ಟ ಲೋಹದ ಕೊಳವೆ ಹೆಚ್ಚು ಹೊತ್ತು ತಾಳಲಾರದು. ಬಿಸಿಯೇರಿದ ಕೂಡಲೇ ಒಳಗಿನ ಸರ್ಕ್ಯೂಟ್ ತಾನೇ ಬೆಳಕನ್ನು ತಗ್ಗಿಸುತ್ತದೆ. ಅದೇ ಎಫ್‌ಎಲ್1 ಮಾನದಂಡದ ಪ್ರಕಾರ ಟಾರ್ಚ್ ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು ಎಣಿಸುವುದು ಬೆಳಕು ಆರಂಭದ ಹತ್ತನೇ ಒಂದು ಪಾಲಿಗೆ ಇಳಿಯುವ ತನಕ. ಡಬ್ಬದ ಮೇಲಿನ ‘ಎರಡು ಗಂಟೆ’ಯನ್ನು ಓದುವಾಗ ಇದು ನೆನಪಿರಲಿ.

ಹೆಸರು ಬೇಕೆಂದರೆ, ಸ್ಟ್ರೀಮ್‌ಲೈಟ್‌ನ ಪ್ರೊಟ್ಯಾಕ್ ರೈಲ್ ಮೌಂಟ್ ಸರಣಿಯಿಂದ ಹುಡುಕಾಟ ಆರಂಭಿಸಿ. ಕೈಗೆಟುಕುವ ಬೆಲೆ, ಗುಂಡಿನ ಒದೆತ ತಾಳುವ ಕಟ್ಟು. ಅದಕ್ಕಿಂತ ಮೇಲೆ ಹೋದರೆ ಶ್ಯೂರ್‌ಫೈರ್ ಸ್ಕೌಟ್, ಮಾಡ್‌ಲೈಟ್, ಕ್ಲೌಡ್ ಡಿಫೆನ್ಸಿವ್. ಬೆಲೆಯೂ ಹಾಗೆಯೇ ಮೇಲೇರುತ್ತದೆ. ತಲೆಯನ್ನು ಮುಂದೆ ಹಿಂದೆ ಎಳೆದು ಕಿರಣವನ್ನು ಹಿಗ್ಗಿಸುವ ಕುಗ್ಗಿಸುವ ಜೂಮ್ ಟಾರ್ಚ್ ಬೇಡ. ಪ್ರತಿ ಗುಂಡಿಗೂ ಅದು ಒಂದಿಷ್ಟು ಜರುಗುತ್ತದೆ. ಮಿನುಗುವ ಸ್ಟ್ರೋಬ್, ಮೂರು ನಾಲ್ಕು ಮಟ್ಟದ ಬೆಳಕು ಇವೂ ಬೇಡ. ಒತ್ತಿದರೆ ಪೂರ್ತಿ ಉರಿಯಬೇಕು, ಬಿಟ್ಟರೆ ಆರಬೇಕು. ಕತ್ತಲಲ್ಲಿ ಒತ್ತಿದಾಗ ಟಾರ್ಚ್ ಪಟಪಟ ಮಿನುಗಿದರೆ ಹಂದಿ ಪಕ್ಕದ ಕೌಂಟಿಗೆ ಓಡಿರುತ್ತದೆ.

ಕೆಂಪು, ಹಸಿರು ಬೆಳಕಿನ ಬಗ್ಗೆಯೂ ಕೇಳಿದ್ದೀರಿ. ‘ಹಸಿರು ಬೆಳಕು ಹಂದಿಗೆ ಕಾಣಿಸದು’ ಎಂಬುದು ಅಂಗಡಿಯವರ ಮಾತು. ಹಂದಿಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ಒಂದು ನೀಲಿಗೆ, ಇನ್ನೊಂದು ಹಸಿರಿಗೆ ಹೆಚ್ಚು ಸ್ಪಂದಿಸುವಂಥವು. ಹಸಿರು ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ; ಮಂಕಾಗುವುದು ಕೆಂಪು. ಕೆಂಪು ಬೇಕೆಂದರೆ ಕೆಂಪು ಎಲ್‌ಇಡಿಯ ಟಾರ್ಚನ್ನೇ ಕೊಳ್ಳಿ. ಬಿಳಿ ಟಾರ್ಚಿನ ಮೇಲೆ ಕೆಂಪು ಗಾಜು ಹಾಕಿದರೆ ಬೆಳಕಿನ ಬಹುಪಾಲು ಗಾಜಿನಲ್ಲೇ ಮುಗಿಯುತ್ತದೆ. ನಾನು ಬಳಸುವುದು ಬಿಳಿ. ಹಂದಿ ಬೆದರಿದರೂ ಸರಿ, ನನಗೆ ಎದುರಿಗಿರುವುದು ಏನೆಂದು ಸ್ಪಷ್ಟವಾಗಿ ಕಾಣಬೇಕು.

ಇದನ್ನು ಒತ್ತಿ ಹೇಳಲು ಕಾರಣ ಕಣ್ಣಿನ ಹೊಳಪು. ಹಸು, ಮೇಕೆ, ಜಿಂಕೆ, ನಾಯಿ ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವೊಂದು ಇರುತ್ತದೆ; ಹಂದಿಗೆ ಅದು ಇಲ್ಲ. ಟಾರ್ಚ್ ಬಿದ್ದಾಗ ಜೋಡಿ ದೀಪದಂತೆ ಫಳ್ಳನೆ ಹೊಳೆದರೆ ಅದು ಬಹುಮಟ್ಟಿಗೆ ಹಂದಿಯಲ್ಲ, ಬೆರಳನ್ನು ಟ್ರಿಗರ್‌ನಿಂದ ದೂರವಿಡಿ. ಹಂದಿಯನ್ನು ಗುರುತಿಸಬೇಕಾದದ್ದು ಮೈಕಟ್ಟಿನಿಂದ: ಎತ್ತರದ ಹೆಗಲು, ಹಿಂದಕ್ಕೆ ಇಳಿಜಾರಾದ ಬೆನ್ನು, ಕುತ್ತಿಗೆಯೇ ಇಲ್ಲವೆನಿಸುವ ತಲೆ, ನೆಲಕ್ಕೆ ಇಟ್ಟ ಮೂತಿ. ಇದಕ್ಕೆ ಬೆಳಕು ಬೇಕು.

ಇನ್ನು ಮೌಂಟ್, ಅಂದರೆ ಟಾರ್ಚನ್ನು ರೈಫಲ್‌ಗೆ ಬಿಗಿಯುವ ಹಿಡಿಕಟ್ಟು. ಜನ ಟಾರ್ಚಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಮೌಂಟನ್ನು ಹತ್ತು ಡಾಲರಿನಲ್ಲಿ ಮುಗಿಸುತ್ತಾರೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ.

ಮೂರು ಬಗೆಯ ಹಿಡಿತಗಳನ್ನು ನೀವು ಕಾಣುತ್ತೀರಿ. ಪಿಕಟಿನಿ ರೈಲು, ಅಂದರೆ ಹಲ್ಲು ಹಲ್ಲಾಗಿರುವ ಪಟ್ಟಿ, 1995ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಅಳತೆ. ಹಲ್ಲುಗಳ ನಡುವಿನ ಒಂದೊಂದು ತೋಡಿನ ಅಗಲ 5.23 ಮಿಲಿಮೀಟರ್. ಅದಕ್ಕಿಂತ ಹಳೆಯ ವೀವರ್ ಪಟ್ಟಿಯ ತೋಡು ಇನ್ನೂ ಕಿರಿದು. ಹಾಗಾಗಿ ವೀವರ್‌ಗೆ ಮಾಡಿದ ಮೌಂಟ್ ಪಿಕಟಿನಿಯಲ್ಲಿ ಕೂರುತ್ತದೆ, ಪಿಕಟಿನಿಯದು ವೀವರ್‌ನಲ್ಲಿ ಸಾಮಾನ್ಯವಾಗಿ ಕೂರದು. ಕೀಲಿರಂಧ್ರದಂಥ ತೂತುಗಳ ಕೀಮಾಡ್ ಒಂದು ಕಾಲಕ್ಕೆ ಓಡಿತು, ಸೇನೆಯ ವಿಶೇಷ ಪಡೆಗಳಿಗಾಗಿ ನಡೆದ ಪರೀಕ್ಷೆಯಲ್ಲಿ ಎಂ-ಲಾಕ್ ಮೇಲುಗೈ ಪಡೆದ ಮೇಲೆ ಬಹುತೇಕ ಮರೆಯಾಯಿತು. ನಿಮ್ಮದು ಎಂ-ಲಾಕ್ ಆದ್ದರಿಂದ ನಡುವೆ ಪಿಕಟಿನಿ ತುಂಡೊಂದನ್ನು ಕೂರಿಸಿ ಅದರ ಮೇಲೆ ಟಾರ್ಚ್ ಏರಿಸುವ ಸುತ್ತುದಾರಿ ಬೇಡ. ಸ್ಕ್ರೂಗಳ ಸಂಖ್ಯೆ ಹೆಚ್ಚಿದಷ್ಟೂ ಸಡಿಲವಾಗುವ ಜಾಗಗಳು ಹೆಚ್ಚು. ನೇರವಾಗಿ ಎಂ-ಲಾಕ್‌ಗೆ ಬಿಗಿಯುವ, ಟಾರ್ಚನ್ನು ಹ್ಯಾಂಡ್‌ಗಾರ್ಡಿಗೆ ಒತ್ತಿ ಹಿಡಿಯುವ ಮೌಂಟ್ ಕೊಳ್ಳಿ. ಟಾರ್ಚಿನ ಬುಡದಲ್ಲಿ ಶ್ಯೂರ್‌ಫೈರ್ ಸ್ಕೌಟ್ ಅಳತೆಯ ಎರಡು ಸ್ಕ್ರೂ ರಂಧ್ರಗಳಿದ್ದರೆ ಆಯ್ಕೆಗೆ ಬರವಿಲ್ಲ. ಹಲವು ಕಂಪನಿಗಳು ಅದೇ ಅಳತೆಗೆ ಮೌಂಟ್ ಮಾಡುತ್ತವೆ. ಬುಡವಿಲ್ಲದ ಬರೀ ಕೊಳವೆಯ ಟಾರ್ಚ್ ಆದರೆ ಬಳೆಯಂಥ ಉಂಗುರದ ಮೌಂಟ್ ಬೇಕು. ಟಾರ್ಚಿನ ಮೈಯ ವ್ಯಾಸ ಒಂದು ಅಂಗುಲವೋ ಅಲ್ಲವೋ ಅಳೆದೇ ತರಿಸಿ.

ಕೂರಿಸುವಾಗ ಒಂದು ಕಡೆ ಕಣ್ಣಿಟ್ಟು ಕೆಲಸ ಮಾಡಿ. ಎಂ-ಲಾಕ್ ಸ್ಕ್ರೂ ತಿರುಗಿಸಿದಾಗ ಒಳಗಿನ ಉದ್ದನೆಯ ನಟ್ಟು ಸೀಳಿಗೆ ಅಡ್ಡವಾಗಿ ಕಾಲು ಸುತ್ತು ತಿರುಗಿ, ಅಂಚನ್ನು ಒಳಗಿನಿಂದ ಕಚ್ಚಬೇಕು. ಕೆಲವೊಮ್ಮೆ ಅದು ಅರ್ಧ ತಿರುಗಿ ಓರೆಯಾಗಿ ನಿಂತರೂ ಆಲನ್ ಕೀ ಬಿಗಿಯಾದಂತೆ ಅನಿಸುತ್ತದೆ. ಮೊಬೈಲ್ ದೀಪ ಹಾಕಿ ಹ್ಯಾಂಡ್‌ಗಾರ್ಡಿನ ಒಳಗೆ ಇಣುಕಿ, ಎರಡೂ ನಟ್ಟುಗಳು ಅಡ್ಡಲಾಗಿವೆಯೇ ನೋಡಿ. ಆಮೇಲೆ ಸ್ಕ್ರೂವಿಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಕೆಂಪಲ್ಲ, ಕೆಂಪು ಹಚ್ಚಿದರೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಬಿಗಿಯಾದ ಮೇಲೆ ಸ್ಕ್ರೂವಿನ ತಲೆಯಿಂದ ಮೌಂಟಿನ ಮೈಗೆ ಸೇರುವಂತೆ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ಮುರಿದಿದ್ದರೆ ಸ್ಕ್ರೂ ಜರುಗಿದೆ ಎಂದು ಕೈ ಹಾಕದೆಯೇ ತಿಳಿಯುತ್ತದೆ.

ಎಲ್ಲಿ ಕೂರಿಸಬೇಕು? ಬಲಗೈಯವರಾದರೆ, ಹಿಂದಿನಿಂದ ನೋಡಿದಾಗ ಗಡಿಯಾರದ ಹನ್ನೊಂದರ ಜಾಗ. ರೈಫಲ್‌ಗೆ ಗುಂಡು ತುಂಬಿಲ್ಲ ಎಂದು ಎರಡು ಸಲ ನೋಡಿಕೊಂಡು, ಭುಜಕ್ಕಿಟ್ಟು, ಕಣ್ಣು ಮುಚ್ಚಿ ಎಡಗೈಯಿಂದ ಹಿಡಿಯಿರಿ. ಹೆಬ್ಬೆರಳು ತಾನಾಗಿ ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿಗೆ ಟಾರ್ಚಿನ ಹಿಂದಿನ ಸ್ವಿಚ್ ಬರಬೇಕು. ಬೆರಳನ್ನು ಸ್ವಿಚ್‌ಗೆ ಒಗ್ಗಿಸುವ ಬದಲು ಸ್ವಿಚ್ಚನ್ನು ಬೆರಳಿಗೆ ಒಗ್ಗಿಸಿ. ಹೀಗೆ ಮಾಡಿದರೆ ತಂತಿಯ ತುದಿಯಲ್ಲಿರುವ ಒತ್ತುಪಟ್ಟಿಯ ಅಗತ್ಯವೇ ಬಾರದು. ಆ ತಂತಿ ಮುಳ್ಳುಕಂಟಿಗೆ, ಗಾಡಿಯ ಬಾಗಿಲಿಗೆ ಸಿಕ್ಕಿಕೊಳ್ಳುವುದೇ ಹೆಚ್ಚು.

ಮುಂದಿನ ತುದಿ ನಳಿಗೆಯ ಬಾಯಿಗೆ ಆದಷ್ಟು ಹತ್ತಿರವಿರಲಿ, ಆದರೆ ಸ್ವಲ್ಪ ಹಿಂದೆ. ತೀರ ಹಿಂದಾದರೆ ನಳಿಗೆಯ ನೆರಳು ಕಿರಣದ ಒಂದು ಮಗ್ಗುಲನ್ನು ನುಂಗುತ್ತದೆ. ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕಿದ್ದರೆ ನೆರಳು ಇನ್ನೂ ದೊಡ್ಡದು. ನಳಿಗೆಯ ತುದಿಯಲ್ಲಿ ಒದೆತ ತಗ್ಗಿಸುವ ಮಝಲ್ ಬ್ರೇಕ್ ಇದ್ದು, ಟಾರ್ಚ್ ಅದರ ಪಕ್ಕದ ಕಿಂಡಿಗಳ ನೇರಕ್ಕೆ ಬಂದರೆ ಬಿಸಿ ಅನಿಲ ಗಾಜಿಗೇ ಹೊಡೆಯುತ್ತದೆ. ಹೇಗಿದ್ದರೂ ಗಾಜಿಗೆ ಮಸಿ ಹಿಡಿಯುವುದು ತಪ್ಪದು. ಹೊರಡುವ ಮೊದಲು ಗಾಜಿನ ಮೇಲೆ ತುಟಿಗೆ ಹಚ್ಚುವ ಮುಲಾಮನ್ನು ತೆಳ್ಳಗೆ ಸವರಿ. ಮಸಿ ಅದರ ಮೇಲೆ ಕೂರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಮುಂದೊಂದು ದಿನ ಬೋಲ್ಟ್ ರೈಫಲ್‌ಗೆ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥದು) ಟಾರ್ಚ್ ಕಟ್ಟುವ ಯೋಚನೆ ಬಂದರೆ, ನಳಿಗೆಗೆ ಮಾತ್ರ ಕ್ಲ್ಯಾಂಪ್ ಹಾಕಬೇಡಿ. ನಳಿಗೆ ಅದುರುವ ರೀತಿ ಬದಲಾಗಿ ಗುಂಡು ಬೀಳುವ ಜಾಗವೇ ಬದಲಾದೀತು. ಯಾವ ರೈಫಲ್ ಆದರೂ ಟಾರ್ಚ್ ಕೂರಿಸಿದ ಮೇಲೆ ಹಗಲಿನಲ್ಲಿ ಕಾಗದದ ಗುರಿಗೆ ಹೊಡೆದು ನೋಡಿಯೇ ಹೊಲಕ್ಕೆ ಇಳಿಯಿರಿ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಮರುಚಾರ್ಜ್ ಆಗುವ 18650 ಬಗೆಯ ಬ್ಯಾಟರಿ ನಿತ್ಯದ ಬಳಕೆಗೆ, ಒಮ್ಮೆ ಬಳಸಿ ಎಸೆಯುವ ಸಿಆರ್123 ಜೇಬಿನಲ್ಲಿ ತುರ್ತಿಗೆ. ಎರಡನ್ನೂ ಒಪ್ಪುವ ಟಾರ್ಚ್ ಸಿಗುತ್ತದೆ, ಅದನ್ನೇ ಆರಿಸಿ. 18650ರ ಮೇಲೆ 9,900 ಎಂಎಎಚ್ (ಬ್ಯಾಟರಿ ಹಿಡಿಯುವ ಚಾರ್ಜ್‌ನ ಅಳತೆ) ಎಂದು ಬರೆದಿದ್ದರೆ ಅದು ಸುಳ್ಳು. ಒಳ್ಳೆಯ ಕಂಪನಿಗಳ ಕೋಶಗಳೂ ಸಾಮಾನ್ಯವಾಗಿ 3,500ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಹಳೆಯ ಸಿಆರ್123 ಜೊತೆ ಹೊಸದನ್ನು ಸೇರಿಸಬೇಡಿ. ರೈಫಲ್ಲನ್ನು ಚೀಲಕ್ಕೆ ಹಾಕುವ ಮೊದಲು ಟಾರ್ಚಿನ ಹಿಂದಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ, ಒಳಗೆ ತಾನೇ ಹೊತ್ತಿಕೊಂಡು ಕಾಯದಂತೆ.

ಟಾರ್ಚ್ ಎತ್ತ ನೋಡುತ್ತದೋ ನಳಿಗೆಯೂ ಅತ್ತಲೇ ನೋಡುತ್ತಿರುತ್ತದೆ. ಆದ್ದರಿಂದ ಹುಡುಕಾಟಕ್ಕೆ ಬೇರೆ ಕೈಟಾರ್ಚ್ ಅಥವಾ ಹಣೆದೀಪ ಇಟ್ಟುಕೊಳ್ಳಿ. ‘ಅಲ್ಲೇನೋ ಸದ್ದಾಯಿತು’ ಎಂದು ರೈಫಲ್ ಎತ್ತಿ ಬೆಳಕು ಬಿಟ್ಟರೆ, ಬೇಲಿ ಸರಿಮಾಡಲು ಬಂದ ನೆರೆಯವನ ಎದೆಗೆ ನೀವು ಗುರಿ ಇಟ್ಟಿರುತ್ತೀರಿ. ಹನ್ನೆರಡು ಎಕರೆ ಎಂದರೆ ಗುಂಡಿನ ಮಟ್ಟಿಗೆ ಏನೂ ಅಲ್ಲ. ಹಂದಿಯ ಹಿಂದೆ ಮಣ್ಣಿನ ದಿಬ್ಬವಿದೆಯೋ ಯಾರದೋ ಮನೆಯಿದೆಯೋ ಎಂಬುದನ್ನು ಹಗಲಿನಲ್ಲೇ ನಡೆದು ನೋಡಿಟ್ಟುಕೊಳ್ಳಿ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಮ್ಮವರು ಸಿಕ್ಕಿಬೀಳಬಹುದಾದ ಜಾಗ ಇಲ್ಲಿದೆ. ಟೆಕ್ಸಾಸ್‌ನಲ್ಲಿ 2019ರ ಸೆಪ್ಟೆಂಬರ್‌ನಿಂದ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯಿದ್ದರೆ, ಕಾಡುಹಂದಿ ಹೊಡೆಯಲು ಬೇಟೆ ಪರವಾನಗಿ ಬೇಕಿಲ್ಲ. ರಾತ್ರಿ ಬೆಳಕು ಹಾಕಿ ಹೊಡೆಯಲೂ ಅಡ್ಡಿಯಿಲ್ಲ. ಆದರೆ ನೀವು ಎಚ್-1ಬಿ ಕೆಲಸದ ವೀಸಾದಲ್ಲಿದ್ದರೆ ಒಕ್ಕೂಟದ ಕಾನೂನು ಬೇರೆಯೇ ಹೇಳುತ್ತದೆ. ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಸಿಗುವುದು ಬೇಟೆ ಪರವಾನಗಿಯದು. ಅಂದರೆ ಹಂದಿಗೆ ಬೇಡವಾದ ಪರವಾನಗಿ ನಿಮ್ಮ ಕೈಯಲ್ಲಿರುವ ರೈಫಲ್‌ಗೆ ಬೇಕು. ಅದರ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಇನ್ನೂ ಎಚ್-1ಬಿಯಲ್ಲೇ ಇದ್ದರೆ ಟಾರ್ಚಿಗೆ ದುಡ್ಡು ಹಾಕುವ ಮೊದಲು ವಕೀಲರೊಬ್ಬರನ್ನು ಕೇಳಿ. ಜಿಂಕೆಯ ಮೇಲೆ ರಾತ್ರಿ ಬೆಳಕು ಬಿಟ್ಟು ಗುಂಡು ಹಾರಿಸುವುದು ಇಲ್ಲಿ ಗಂಭೀರ ಅಪರಾಧ. ಹಾಗಾಗಿ ಹಂದಿಗೆ ಕೂರುವ ರಾತ್ರಿ ಬೇಟೆಯ ಕಾನೂನು ನೋಡಿಕೊಳ್ಳುವ ಸ್ಥಳೀಯ ಅಧಿಕಾರಿ ಗೇಮ್ ವಾರ್ಡನ್‌ಗೆ ಒಂದು ಫೋನ್ ಮಾಡಿಟ್ಟರೆ ಅನುಮಾನಕ್ಕೆ ಎಡೆಯಿರದು. ಇದನ್ನು ಓದುತ್ತಿರುವ ಮಲೆನಾಡಿನವರಿಗೆ ಒಂದು ಮಾತು: ಇದೆಲ್ಲ ಟೆಕ್ಸಾಸ್‌ನ ಕಥೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ತೋಟಕ್ಕೆ ಬಂದ ಹಂದಿಯನ್ನೂ ಮನಸ್ಸಿಗೆ ಬಂದಂತೆ ಹೊಡೆಯುವಂತಿಲ್ಲ.

ನಿಮ್ಮ ಹ್ಯಾಂಡ್‌ಗಾರ್ಡಿನ ಉದ್ದ ಎಷ್ಟು, ನಳಿಗೆಯ ತುದಿಯಲ್ಲಿ ಏನಿದೆ, ನೀವು ಎಡಗೈಯವರೋ ಬಲಗೈಯವರೋ ತಿಳಿಸಿ. ಯಾವ ಸೀಳಿನಲ್ಲಿ ಕೂರಿಸಬಹುದು ಎಂದು ಲೆಕ್ಕ ಹಾಕಿ ಹೇಳುತ್ತೇನೆ.